ಸಾಕು ಅನ್ನೋರು ಯಾರು? ಹಾಸನದ ಕೋರ್ಟಿಗೆ ಮರಳಿದ ಒಬ್ಬ ಹಿರಿಯ ಆಟಗಾರನ ಪ್ರಕರಣ

ಅಣ್ಣನಿಗೆ ಆಗ 45 ವರ್ಷ. ನಾನು ಅವರನ್ನು ಕರೆಯುವುದೇ ಅಣ್ಣ ಅಂತ, ಇಲ್ಲೂ ಹಾಗೇ ಬರೆಯುತ್ತೇನೆ. ಹೆಸರು ಹಾಕಬೇಡ ಅಂದಿದ್ದಾರೆ. ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರು ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಆಮೇಲೆ ಸರ್ಕಾರಿ ಕೆಲಸ, ಮದುವೆ, ಊರೂರು ವರ್ಗಾವಣೆ. 31ಕ್ಕೆ ಆಟ ನಿಂತುಹೋಯಿತು. ಹಾಸನಕ್ಕೆ ವಾಪಸ್ ಬಂದ ಮೇಲೆ ನಮ್ಮ ಬೆಳಗಿನ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದ್ದು ಅವರೇ. ಹೊಸ ಚೆಂಡು, ಹರಿದ ಬಲೆ, ಹುಡುಗರ ಬಸ್ ಚಾರ್ಜು, ಎಲ್ಲಾ ಅವರ ಜೇಬಿನಿಂದ. ಓಡಿ ಬಂದು ರಿಂಗಿನ ಹತ್ತಿರದಿಂದ ಚೆಂಡು ಹಾಕುವ ಲೇ ಅಪ್ ನನಗೆ ಹೇಳಿಕೊಟ್ಟವರು ಅವರು. ಈಗ ತಂಡದ ಕೋಚ್ ನಾನು. ಆ ಜಾಗದಲ್ಲಿ ನನ್ನನ್ನು ಕೂರಿಸಿದವರೂ ಅವರೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

2024ರ ಆಗಸ್ಟ್‌ನಲ್ಲಿ ಒಂದು ಬೆಳಿಗ್ಗೆ ಹೊಸ ಶೂ ಹಾಕಿಕೊಂಡು ಬಂದರು. "ಜನವರಿ ಪಂದ್ಯಕ್ಕೆ ನನ್ನ ಹೆಸರೂ ಸೇರಿಸ್ಕೊ ಕಣೋ" ಅಂದರು. ಯಾಕಣ್ಣ ಈಗ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾನು ಆಡಿದ ಕೊನೇ ಪಂದ್ಯ ಯಾವುದು ಅಂತ ನಂಗೇ ನೆನಪಿಲ್ಲ. ಟ್ರಾನ್ಸ್‌ಫರ್ ಆರ್ಡರ್ ಬಂತು, ಹೊರಟುಬಿಟ್ಟೆ. ಇದು ಕೊನೇದು ಅಂತ ಗೊತ್ತಿದ್ದು ಒಂದು ಪಂದ್ಯ ಆಡಬೇಕು."

ಇದಕ್ಕೆ ಏನು ಅಡ್ಡ ಹೇಳುವುದು? ಹೆಸರು ಬರೆದುಕೊಂಡೆ.

ಈ ಪ್ರಕರಣ ಬರೆಯುತ್ತಿರುವುದು 40 ದಾಟಿದ ಮೇಲೆ ಮತ್ತೆ ಆಟಕ್ಕಿಳಿಯುವವರಿಗೆ. ಅದಕ್ಕಿಂತ ಜಾಸ್ತಿ, ಅಂಥವರ ಪಕ್ಕದಲ್ಲಿ ನಿಂತಿರುವ ನನ್ನಂಥವರಿಗೆ.

ಮೊದಲ ದಿನ, ಮಾರನೇ ದಿನ

ನಮ್ಮದು ಸಿಮೆಂಟ್ ಕೋರ್ಟ್. ಮಳೆಗಾಲದಲ್ಲಿ ಅಂಚಿಗೆಲ್ಲ ಪಾಚಿ ಕಟ್ಟುತ್ತದೆ. ಹುಡುಗರು ತೆಂಗಿನಕಡ್ಡಿ ಪೊರಕೆ ಹಿಡಿದು ನೀರು ತಳ್ಳಿದ ಮೇಲೇ ಆಟ. ಆ ದಿನ ಅಣ್ಣ ಪೂರ್ತಿ ಆಟ ಆಡಿದರು. ಒಂದು ನಿಮಿಷವೂ ಕೂರಲಿಲ್ಲ. ರಿಂಗಿಗೆ ಬೆನ್ನು ಕೊಟ್ಟು ನಿಂತರು. ಎಡಭುಜ ಒಂಚೂರು ಅಲ್ಲಾಡಿಸಿದರು. ಕಾಯುತ್ತಿದ್ದ ಹುಡುಗ ಆ ಕಡೆ ವಾಲಿದ. ಅಷ್ಟರಲ್ಲಿ ಇವರು ಬಲಕ್ಕೆ ತಿರುಗಿ, ಹಿಂದಕ್ಕೆ ಬಾಗಿ ಚೆಂಡು ಬಿಟ್ಟಾಗಿತ್ತು. ಬಲೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆ ಹುಡುಗನಿಗೆ 19, ನಮ್ಮ ತಂಡದ ಒಳ್ಳೇ ಫಾರ್ವರ್ಡ್. ನಿಂತಲ್ಲೇ ನಿಂತು ಅವರನ್ನೇ ನೋಡುತ್ತಿದ್ದ. ಎಲ್ಲರೂ ಚಪ್ಪಾಳೆ ಹೊಡೆದೆವು. ಅಣ್ಣನ ಮುಖ ಅಷ್ಟು ಅರಳಿದ್ದನ್ನು ನಾನು ವರ್ಷಗಳಿಂದ ನೋಡಿರಲಿಲ್ಲ.

ಮಾರನೇ ದಿನ ಅವರು ಬರಲಿಲ್ಲ. ಎಂಟು ಗಂಟೆ ಹೊತ್ತಿಗೆ ಸಾಲಗಾಮೆ ರಸ್ತೆ ಕಡೆಯ ಅವರ ಮನೆಗೆ ಹೋದೆ. ಮಲಗುವ ಕೋಣೆ ಮಹಡಿ ಮೇಲೆ. ಕೆಳಗೆ ಬರಲು ಹದಿನಾಲ್ಕು ಮೆಟ್ಟಿಲು. ನನ್ನ ಧ್ವನಿ ಕೇಳಿ ಇಳಿದು ಬಂದರು. ಗೋಡೆಗೆ ಅಂಗೈ ಒತ್ತಿಕೊಂಡು, ಅಡ್ಡಡ್ಡವಾಗಿ, ಒಂದೊಂದು ಮೆಟ್ಟಿಲಿಗೂ ಎರಡು ಕಾಲೂ ಇಟ್ಟು. ಬಲ ಮಂಡಿ ಮಡಚುತ್ತಲೇ ಇರಲಿಲ್ಲ. "ನಿನ್ನೆ ರಾತ್ರಿ ಊಟಕ್ಕೆ ಕೆಳಗೆ ಕೂತ್ಕೊಳೋಕೂ ಆಗ್ಲಿಲ್ಲ ಇವರಿಗೆ" ಅಂದರು ಅತ್ತಿಗೆ. ಅಣ್ಣ ಏನೂ ಹೇಳಲಿಲ್ಲ. ಕಾಫಿ ಕುಡಿದೆವು.

ಆಡಿದ ದಿನದ ಸಂಜೆ ಮಂಡಿಯನ್ನು ಕೇಳಿದರೆ ಅದು ನಿಜ ಹೇಳುವುದಿಲ್ಲ. ಮೈ ಬಿಸಿ ಇರುತ್ತದೆ, ಮನಸ್ಸು ಖುಷಿಯಲ್ಲಿರುತ್ತದೆ. ಮಾರನೇ ಬೆಳಿಗ್ಗೆ ಕೇಳಬೇಕು. ಆವತ್ತಿನಿಂದ ಆ ಹದಿನಾಲ್ಕು ಮೆಟ್ಟಿಲೇ ನಮ್ಮ ಪರೀಕ್ಷೆ ಆಯಿತು. ಇಳಿಯುವಾಗ ನೋವು ಎಷ್ಟು, ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ, ಪ್ರತಿ ಬೆಳಿಗ್ಗೆ ನನಗೆ ವಾಟ್ಸಾಪ್‌ನಲ್ಲಿ ಬರಬೇಕು. ಮೂರಕ್ಕಿಂತ ಮೇಲಿದ್ದರೆ ಆ ದಿನ ಹಾರುವಂತಿಲ್ಲ, ಓಡುವಂತಿಲ್ಲ. ನಾವು ತೋರಿಸಿದ ಫಿಸಿಯೋ ಕೂಡ ಇದೇ ದಾರಿ ಹೇಳಿದರು: ಆಡುವಾಗ ಒಂದಿಷ್ಟು ನೋವು ಇರಲಿ, ಆದರೆ ಅದು 24 ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು.

ತೊಂದರೆ ಇದ್ದದ್ದು ಮಂಡಿಚಿಪ್ಪಿನ ಕೆಳಗೆ, ಚಿಪ್ಪನ್ನು ಮಂಡಿ ಕೆಳಗಿನ ಕಾಲಿನ ಮೂಳೆಗೆ ಕಟ್ಟಿಹಿಡಿಯುವ ಹುರಿಯಲ್ಲಿ. ಟೆಂಡನ್ ಅನ್ನುತ್ತಾರೆ. ಹಾರಿ ನೆಲಕ್ಕಿಳಿಯುವಾಗ ದೇಹದ ತೂಕದ ಹಲವು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಮರದ ನೆಲ ಸ್ವಲ್ಪ ಬಾಗಿ ಆ ಭಾರವನ್ನು ಹಂಚಿಕೊಳ್ಳುತ್ತದೆ, ಸಿಮೆಂಟ್ ಹಂಚಿಕೊಳ್ಳುವುದಿಲ್ಲ. ಮಾಂಸಖಂಡ ಕೆಲವೇ ವಾರಗಳಲ್ಲಿ ಗಟ್ಟಿಯಾಗುತ್ತದೆ, ಹುರಿಗೆ ತಿಂಗಳುಗಳು ಬೇಕು. 45ರ ದೇಹದಲ್ಲಿ ಇನ್ನೂ ನಿಧಾನ. ಹಾಗಾಗಿ ಮೊದಲ ತಿಂಗಳಲ್ಲಿ ಆಟಗಾರನಿಗೆ ತೊಡೆ ಬಲ ಬಂದಂತೆ ಅನ್ನಿಸುತ್ತದೆ, ಮೇಲಕ್ಕೆ ಹಾರುತ್ತಾನೆ. ಕೆಳಗೆ ಇಳಿಯುವಾಗ ಹುರಿ ಇನ್ನೂ ತಯಾರಾಗಿರುವುದಿಲ್ಲ. ಮರಳಿ ಬರುವವರು ಎಡವುವುದು ಜಾಸ್ತಿ ಈ ಹಂತದಲ್ಲೇ.

ಇನ್ನೊಂದು ವಿಷಯ ಅಣ್ಣನೇ ಕಂಡುಕೊಂಡರು. ಅವರು ಕಲಿತು ಬೆಳೆದ ಆಟ ಈಗ ಇರಲಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಆಡುವಾಗ 20 ನಿಮಿಷದ ಎರಡು ಅವಧಿ ಇತ್ತು, ಚೆಂಡು ಸಿಕ್ಕ ಮೇಲೆ 30 ಸೆಕೆಂಡಿನೊಳಗೆ ಹೊಡೆದರೆ ಆಗುತ್ತಿತ್ತು. 2000ದಲ್ಲಿ ಅಂತಾರಾಷ್ಟ್ರೀಯ ನಿಯಮ ಬದಲಾಯಿತು. ಹತ್ತು ನಿಮಿಷದ ನಾಲ್ಕು ಕ್ವಾರ್ಟರ್, ಹೊಡೆಯಲು 24 ಸೆಕೆಂಡ್. ಮೂರು ಪಾಯಿಂಟ್‌ನ ಗೆರೆ 6.25 ಮೀಟರ್‌ನಲ್ಲಿತ್ತು, 2010ರಲ್ಲಿ 6.75ಕ್ಕೆ ಹೋಯಿತು. ಅರ್ಧ ಮೀಟರ್ ಅಂದರೆ ಏನು ಮಹಾ ಅನ್ನಿಸಬಹುದು. ಅಣ್ಣ ಕಣ್ಣು ಮುಚ್ಚಿಕೊಂಡು ಹೋಗಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಗೆರೆಯೇ ಇಲ್ಲ. ಆರು ಸೆಕೆಂಡ್ ಕಮ್ಮಿ ಅಂದರೆ ಎರಡೂ ಕಡೆಗೆ ಓಟ ಜಾಸ್ತಿ. 20ರ ಹುಡುಗನ ಎದೆಬಡಿತ ನಿಮಿಷಕ್ಕೆ 200ರ ತನಕ ಹೋಗಬಹುದು, 45ಕ್ಕೆ ಅದು ಸುಮಾರು 175. ಓಟ ಹೆಚ್ಚಿದೆ, ಎದೆಯ ಮಿತಿ ಇಳಿದಿದೆ.

ಟ್ರಂಕಿನಲ್ಲಿದ್ದ ಪೋಸ್ಟರ್

ಅಣ್ಣನ ಮನೆಯ ಅಟ್ಟದ ಮೇಲೆ ಒಂದು ಟ್ರಂಕು. ಅದರಲ್ಲಿ ಹಳೇ ಜರ್ಸಿ, ಎರಡು ಕಪ್ಪು, ಮತ್ತೆ ಯಾವುದೋ ಪತ್ರಿಕೆಯ ನಡುಪುಟದಿಂದ ಬಿಚ್ಚಿಟ್ಟ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ ಪೋಸ್ಟರ್. ಮಡಿಕೆ ಬಿದ್ದ ಕಡೆ ಬಣ್ಣ ಹೋಗಿದೆ. "ಅವನೂ ವಾಪಸ್ ಬಂದಿದ್ದ ಅಲ್ವಾ, 38ಕ್ಕೆ" ಅಂದರು. ಹೌದು, ಬಂದಿದ್ದರು. ಆ ಕಥೆಯನ್ನು ನಾವಿಬ್ಬರೂ ಒಂದು ವಾರ ಕೂತು ಬಿಡಿಸಿ ನೋಡಿದೆವು. ಇಬ್ಬರೂ ಒಂದೇ ಅಂಕಿಗಳನ್ನು ನೋಡಿದೆವು, ಓದಿದ್ದು ಬೇರೆ ಬೇರೆ.

ಜೋರ್ಡನ್ ಎರಡನೇ ಸಲ ನಿವೃತ್ತಿ ಹೇಳಿದ್ದು 1999ರ ಜನವರಿಯಲ್ಲಿ, ಶಿಕಾಗೋ ಬುಲ್ಸ್ ಜೊತೆ ಆರು ಚಾಂಪಿಯನ್ ಪಟ್ಟ ಗೆದ್ದ ಮೇಲೆ. 2000ದಲ್ಲಿ ವಾಷಿಂಗ್ಟನ್ ವಿಜರ್ಡ್ಸ್ ತಂಡದಲ್ಲಿ ಪಾಲು ತೆಗೆದುಕೊಂಡು ಆಟದ ವಿಭಾಗದ ಅಧ್ಯಕ್ಷರಾದರು. ತಂಡ ತೀರಾ ಕೆಳಗಿತ್ತು. 2000–01ರಲ್ಲಿ 82 ಪಂದ್ಯದಲ್ಲಿ ಗೆದ್ದದ್ದು 19. 2001ರ ಸೆಪ್ಟೆಂಬರ್ 25ಕ್ಕೆ ತಾನೇ ಆಡುತ್ತೇನೆ ಅಂತ ಘೋಷಿಸಿದರು. ಆ ವರ್ಷದ ಸಂಬಳವನ್ನು ಸೆಪ್ಟೆಂಬರ್ 11ರ ದಾಳಿಯ ಸಂತ್ರಸ್ತರಿಗೆ ಕೊಟ್ಟರು.

ತಯಾರಿಗೆ ಬೇಕಾದಷ್ಟು ಕಾಲ ಸಿಗಲಿಲ್ಲ. ಬೇಸಿಗೆಯಲ್ಲಿ ಶಿಕಾಗೋದಲ್ಲಿ ಅಭ್ಯಾಸದ ಆಟ ಆಡುವಾಗ ಎರಡು ಪಕ್ಕೆಲುಬು ಮುರಿದವು. ಅಭ್ಯಾಸ ನಿಂತಿತು. ಆಮೇಲೆ ಆ ದಿನಗಳನ್ನು ಸರಿದೂಗಿಸಲು ಅವಸರ. ಆ ಅವಸರ ಮಂಡಿಗೆ ಬಂತು, ಟೆಂಡನ್ ಊದಿಕೊಂಡಿತು. ಅಕ್ಟೋಬರ್ 30ಕ್ಕೆ ನ್ಯೂಯಾರ್ಕ್‌ನಲ್ಲಿ ಮೊದಲ ಪಂದ್ಯ. 21 ಸಲ ಹೊಡೆದು 7 ಹಾಕಿದರು, 19 ಪಾಯಿಂಟ್. ತಂಡ 93–91ಕ್ಕೆ ಸೋತಿತು. ಅವರಿಗೂ ಆಟ ಬದಲಾಗಿತ್ತು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎದಲ್ಲಿ ಜಾಗ ಕಾಯುವ ರಕ್ಷಣೆಗೆ, ಅಂದರೆ ಝೋನ್‌ಗೆ, ಒಪ್ಪಿಗೆ ಸಿಕ್ಕಿದ್ದು ಅದೇ ಸೀಸನ್‌ನಲ್ಲಿ.

ಡಿಸೆಂಬರ್ 27ಕ್ಕೆ ಇಂಡಿಯಾನಾ ವಿರುದ್ಧ 6 ಪಾಯಿಂಟ್ ಮಾತ್ರ. ಅದಕ್ಕೆ ಮುಂಚೆ ಸತತ 866 ಪಂದ್ಯಗಳಲ್ಲಿ ಎರಡಂಕಿ ಮುಟ್ಟಿದ್ದವರು ಅವರು. ಎರಡು ದಿನ ಬಿಟ್ಟು, 29ಕ್ಕೆ, ಷಾರ್ಲಟ್ ವಿರುದ್ಧ 51. ಡಿಸೆಂಬರ್ 31ಕ್ಕೆ ನ್ಯೂಜೆರ್ಸಿ ವಿರುದ್ಧ 45.

ಅಣ್ಣ 51ರ ಮೇಲೆ ಬೆರಳಿಟ್ಟರು. "ನೋಡು, 38ಕ್ಕೆ 51 ಹಾಕಿದಾನೆ." ನನ್ನ ಕಣ್ಣು 6ರ ಮೇಲಿತ್ತು. ಅದಕ್ಕಿಂತ ಜಾಸ್ತಿ, ಐದೇ ದಿನದೊಳಗೆ ಮೂರು ಪಂದ್ಯ ಅನ್ನುವುದರ ಮೇಲಿತ್ತು. ಪ್ರತಿಭೆ ಎಲ್ಲೂ ಹೋಗಿರಲಿಲ್ಲ. ಕೈ ಅದೇ, ಕಣ್ಣು ಅದೇ. ಒಂದು ಪಂದ್ಯ ಆದ ಮೇಲೆ ಸುಧಾರಿಸಿಕೊಳ್ಳಲು ದೇಹ ಕೇಳುವ ಸಮಯ ಮಾತ್ರ ಬದಲಾಗಿತ್ತು. ಹೊರಗಿನಿಂದ ನೋಡುವವರಿಗೆ ಆ ಸಮಯ ಕಾಣುವುದಿಲ್ಲ, 51 ಕಾಣುತ್ತದೆ.

ಫೆಬ್ರವರಿಯಲ್ಲಿ ಲೀಗ್‌ನ ಆಯ್ದ ಆಟಗಾರರು ಆಡುವ ಆಲ್‌ಸ್ಟಾರ್ ಪಂದ್ಯದಲ್ಲಿ, ಎದುರಿಗೆ ಯಾರೂ ಇಲ್ಲದೆ ಡಂಕ್ ಮಾಡಲು, ಅಂದರೆ ಹಾರಿ ಚೆಂಡನ್ನು ನೇರ ರಿಂಗಿನೊಳಗೆ ತುರುಕಲು ಹೋಗಿ ಚೆಂಡು ರಿಂಗಿಗೆ ಬಡಿದು ಹೊರಬಂತು. ಅದೇ ತಿಂಗಳ 27ಕ್ಕೆ ಬಲ ಮಂಡಿಗೆ ಶಸ್ತ್ರಚಿಕಿತ್ಸೆ, ಒಳಗಿನ ಕಾರ್ಟಿಲೇಜ್, ಅಂದರೆ ಮೂಳೆಗಳ ನಡುವಿನ ಮೆತ್ತೆ, ಹರಿದಿತ್ತು. ಮೂರೇ ವಾರಕ್ಕೆ, ಮಾರ್ಚ್ 20ಕ್ಕೆ, ಮತ್ತೆ ಕೋರ್ಟಿಗೆ ಬಂದರು. ಏಪ್ರಿಲ್ 2ರಂದು ಲೇಕರ್ಸ್ ವಿರುದ್ಧ 2 ಪಾಯಿಂಟ್, ಅವರ ವೃತ್ತಿಜೀವನದಲ್ಲೇ ಅತಿ ಕಡಿಮೆ. ಅಲ್ಲಿಗೆ ಆ ಸೀಸನ್ ಮುಗಿಯಿತು. ಒಟ್ಟು 60 ಪಂದ್ಯ, ಸರಾಸರಿ 22.9 ಪಾಯಿಂಟ್, ಪಂದ್ಯಕ್ಕೆ ಸುಮಾರು 35 ನಿಮಿಷ.

ಆ 35 ನಿಮಿಷದ ಕೆಳಗೆ ನಾನು ಗೆರೆ ಎಳೆದೆ. 38ರ ವಯಸ್ಸು, ಮೂರು ವರ್ಷ ಆಟ ಬಿಟ್ಟ ದೇಹ, ನೋಯುವ ಮಂಡಿ, ಆದರೂ 48 ನಿಮಿಷದ ಪಂದ್ಯದಲ್ಲಿ 35. ಯಾಕೆ ಯಾರೂ ಕೂರು ಅನ್ನಲಿಲ್ಲ? ಕೋಚ್ ಡಗ್ ಕಾಲಿನ್ಸ್‌ಗೆ ಆಟ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 1986ರಿಂದ 89ರ ತನಕ ಶಿಕಾಗೋದಲ್ಲಿ ಇದೇ ಜೋರ್ಡನ್‌ಗೆ ಕೋಚ್ ಆಗಿದ್ದವರು. ಆದರೆ 2001ರಲ್ಲಿ ಕಾಲಿನ್ಸ್ ಅವರನ್ನು ವಾಷಿಂಗ್ಟನ್‌ಗೆ ತಂದದ್ದು ಅಧ್ಯಕ್ಷ ಜೋರ್ಡನ್. ಆಡಲು ಬರುವ ಮುಂಚೆ ನಿಯಮದ ಪ್ರಕಾರ ಪಾಲು ಮಾರಿದರು, ಹುದ್ದೆ ಬಿಟ್ಟರು, ಅದು ನಿಜ. ಕಾಗದದ ಮೇಲೆ ಹುದ್ದೆ ಬಿಟ್ಟರೆ ಮನುಷ್ಯರ ಮನಸ್ಸಿನಿಂದ ಹೋಗುತ್ತದೆಯೇ? ನಿಮ್ಮನ್ನು ಕೆಲಸಕ್ಕೆ ಇಟ್ಟವರಿಗೆ ನೀವು ಸಾಕು, ಬಂದು ಕೂರಿ ಅನ್ನುವುದು ಹೇಗೆ?

ಇಷ್ಟು ಹೇಳಿ ನಾನು ನಿಲ್ಲಿಸಿದೆ. ಅಣ್ಣ ನನ್ನ ಮುಖ ನೋಡಿದರು. ಇಬ್ಬರಿಗೂ ಅರ್ಥವಾಯಿತು ಅಂದುಕೊಂಡೆ. ನನಗೆ ಪೂರ್ತಿ ಅರ್ಥವಾಗಿರಲಿಲ್ಲ ಅನ್ನುವುದು ಜನವರಿಯಲ್ಲಿ ತಿಳಿಯಿತು.

ಎರಡನೇ ವರ್ಷದ ಕಥೆ ಬೇರೆ ಥರ. 2002–03ರ ಶುರುವಿನಲ್ಲಿ ಜೋರ್ಡನ್ ಬೆಂಚಿನಿಂದ ಎದ್ದು ಬಂದು ಆಡಿದರು. ಅಷ್ಟು ದೊಡ್ಡ ಆಟಗಾರ ಮೊದಲ ಐವರಲ್ಲಿ ಇಲ್ಲದೆ ಕೂರುವುದು ಸಣ್ಣ ವಿಷಯ ಅಲ್ಲ. ಆ ಸೀಸನ್‌ನ 82 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ, ಸರಾಸರಿ 20. 2003ರ ಫೆಬ್ರವರಿ 17ಕ್ಕೆ 40 ತುಂಬಿತು. ನಾಲ್ಕು ದಿನ ಬಿಟ್ಟು ನ್ಯೂಜೆರ್ಸಿ ವಿರುದ್ಧ 43 ಹಾಕಿದರು. 40 ದಾಟಿದವರು ಎನ್‌ಬಿಎದಲ್ಲಿ 40 ಪಾಯಿಂಟ್ ಹಾಕಿದ್ದು ಅದೇ ಮೊದಲು. ಹಾರಾಟ ಕಮ್ಮಿ ಮಾಡಿ, ಬೆನ್ನು ಕೊಟ್ಟು ನಿಂತು, ತಿರುಗಿ ಹಿಂದಕ್ಕೆ ಬಾಗಿ ಹೊಡೆಯುವ ಆಟವನ್ನು ಜಾಸ್ತಿ ಮಾಡಿಕೊಂಡಿದ್ದರು. ಅಣ್ಣನ ಹೊಡೆತವೂ ಅದೇ ಜಾತಿಯದ್ದು. ನನಗೆ ಭರವಸೆ ಬಂದದ್ದು ಇಲ್ಲಿ.

ಆದರೂ ತಂಡ ಎರಡೂ ವರ್ಷ 37 ಗೆದ್ದು 45 ಸೋತಿತು. 19ರಿಂದ 37ಕ್ಕೆ ಏರಿದ್ದು ದೊಡ್ಡದೇ, ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ಹಂತಕ್ಕೆ, ಅಂದರೆ ಪ್ಲೇಆಫ್‌ಗೆ, ಮಾತ್ರ ಒಂದು ಸಲವೂ ಹೋಗಲಿಲ್ಲ. ಈ ನಡುವೆ ಹುಡುಗರಿಗೆ ಏನಾಯಿತು ಅನ್ನುವುದನ್ನೂ ನೋಡಬೇಕು. 2002ರಲ್ಲಿ ವಿಜರ್ಡ್ಸ್ ತಂಡ 24 ವರ್ಷದ ರಿಚರ್ಡ್ ಹ್ಯಾಮಿಲ್ಟನ್‌ನನ್ನು ಡೆಟ್ರಾಯಿಟ್‌ಗೆ ಬಿಟ್ಟುಕೊಟ್ಟು ಜೆರಿ ಸ್ಟ್ಯಾಕ್‌ಹೌಸ್‌ನನ್ನು ತಂದಿತು. 2004ರಲ್ಲಿ ಡೆಟ್ರಾಯಿಟ್ ಚಾಂಪಿಯನ್ ಆಯಿತು, ಹ್ಯಾಮಿಲ್ಟನ್ ಆ ತಂಡದಲ್ಲಿದ್ದ. ಹಿರಿಯರೊಬ್ಬರು ಮರಳಿ ಬಂದಾಗ ಎಲ್ಲರೂ ಅವರ ಕಡೆ ನೋಡುತ್ತಾರೆ. ಜಾಗ ಬಿಟ್ಟುಕೊಟ್ಟ ಕಿರಿಯನ ಕಡೆ ನೋಡುವವರು ಕಮ್ಮಿ.

2003ರ ಏಪ್ರಿಲ್ 16ಕ್ಕೆ ಫಿಲಡೆಲ್ಫಿಯಾದಲ್ಲಿ ಕೊನೆಯ ಪಂದ್ಯ, 15 ಪಾಯಿಂಟ್. ಎದುರಾಳಿ ತಂಡದ ಊರು ಅದು. ಆ ಊರಿನ ಜನವೇ ಅವರ ಹೆಸರು ಕೂಗಿ ಬೆಂಚಿನಿಂದ ಎಬ್ಬಿಸಿದರು. ಎರಡು ಫ್ರೀ ಥ್ರೋ ಹಾಕಿ, ಪಂದ್ಯ ಮುಗಿಯಲು ಎರಡು ನಿಮಿಷಕ್ಕಿಂತ ಕಮ್ಮಿ ಇರುವಾಗ ಹೊರಗೆ ನಡೆದರು. ಎಲ್ಲರೂ ಎದ್ದು ನಿಂತಿದ್ದರು. ಅಣ್ಣ ಕೇಳಿದ್ದು ಇದನ್ನೇ ಅಲ್ವಾ? ಕೊನೆಯದು ಅಂತ ಗೊತ್ತಿದ್ದು ಆಡಿದ ಒಂದು ಪಂದ್ಯ. ಮೂರು ವಾರ ಕಳೆಯುವಷ್ಟರಲ್ಲಿ ಮಾಲೀಕ ಏಬ್ ಪೋಲಿನ್, ಆಡಳಿತಕ್ಕೆ ವಾಪಸ್ ಬರಬೇಕೆಂದಿದ್ದ ಜೋರ್ಡನ್‌ರನ್ನು ಬೇಡ ಅಂದು ಕಳಿಸಿದರು. ಅಲ್ಲಿ ಸಾಕು ಅನ್ನಬಲ್ಲವರು ಒಬ್ಬರೇ ಇದ್ದರು. ಅವರು ಹಾಗೆ ಹೇಳಿದ್ದು ಆಟವೆಲ್ಲ ಮುಗಿದ ಮೇಲೆ.

ಇನ್ನೊಬ್ಬರ ಮಾತು ಹೇಳದೆ ಮುಂದೆ ಹೋಗಲಾರೆ. 2003ರ ಆಲ್‌ಸ್ಟಾರ್ ಪಂದ್ಯದಲ್ಲಿ ಜೋರ್ಡನ್ ಮೊದಲ ಐವರಲ್ಲಿ ಆಡಲಿ ಅಂತ ತನ್ನ ಜಾಗ ಬಿಟ್ಟುಕೊಟ್ಟವನು ವಿನ್ಸ್ ಕಾರ್ಟರ್. ಅದೇ ಕಾರ್ಟರ್ 43 ವಯಸ್ಸಿನ ತನಕ, 2020ರವರೆಗೆ ಆಡಿದ. ಒಟ್ಟು 22 ಸೀಸನ್. ಕೊನೆಯ ಎರಡು ವರ್ಷ ಅಟ್ಲಾಂಟಾದಲ್ಲಿ ಹೆಚ್ಚಾಗಿ ಬೆಂಚಿನಿಂದ ಬಂದು, ಪಂದ್ಯಕ್ಕೆ 15–17 ನಿಮಿಷದ ಆಸುಪಾಸು ಆಡುತ್ತಿದ್ದ. ಸುತ್ತ ಇದ್ದವರು ಅವನ ಅರ್ಧ ವಯಸ್ಸಿನ ಹುಡುಗರು. ನಾನು ಅಣ್ಣನಿಗೆ ಹೇಳಿದೆ: ಪೋಸ್ಟರ್ ಜೋರ್ಡನ್‌ದೇ ಇರಲಿ, ಲೆಕ್ಕ ಮಾತ್ರ ಕಾರ್ಟರ್‌ದು ಇಟ್ಟುಕೊಳ್ಳೋಣ.

ಹದಿನಾಲ್ಕು ನಿಮಿಷ

ಒಪ್ಪಂದ ಆಯಿತು. ಜನವರಿ ಪಂದ್ಯಗಳಲ್ಲಿ ಅಣ್ಣ 14 ನಿಮಿಷ ಆಡುವುದು, ಎರಡು ಕಂತಿನಲ್ಲಿ. ಸೆಪ್ಟೆಂಬರ್‌ನಿಂದ ವಾರಕ್ಕೆ ಮೂರೇ ದಿನ ಕೋರ್ಟು, ನಡುವೆ ನಿಧಾನದ ಬಸ್ಕಿ, ನಡಿಗೆ. ಹಾಸನಾಂಬ ದರ್ಶನದ ದಿನಗಳಲ್ಲಿ ಕೆಲಸದ ಒತ್ತಡದಿಂದ ಅವರಿಗೆ ಬರಲಾಗಲಿಲ್ಲ, ಆ ವಿರಾಮ ಮಂಡಿಗೆ ಒಳ್ಳೆಯದೇ ಮಾಡಿತು. ಡಿಸೆಂಬರ್ ಚಳಿಯಲ್ಲಿ ವಾರ್ಮ್ ಅಪ್‌ಗೇ 25 ನಿಮಿಷ ಇಟ್ಟೆವು. ಮಂಜು ಬಿದ್ದ ಬೆಳಿಗ್ಗೆ ಅಣ್ಣ ಸ್ವೆಟರ್, ಮಂಕಿ ಕ್ಯಾಪ್ ಹಾಕಿಕೊಂಡು ಕೋರ್ಟಿನ ಸುತ್ತ ನಡೆಯುತ್ತಾ, ಆಮೇಲೆ ಒಂದೊಂದೇ ತೆಗೆದು ಬೆಂಚಿನ ಮೇಲಿಡುತ್ತಿದ್ದರು. ವರ್ಷದ ಕೊನೆಗೆ ಮೆಟ್ಟಿಲಿನ ಅಂಕಿ 1ಕ್ಕೆ ಇಳಿದಿತ್ತು. ತೂಕ 86ರಿಂದ 80 ಕಿಲೋಗೆ.

ಮೊದಲ ಎರಡು ಪಂದ್ಯ ಒಪ್ಪಂದದ ಪ್ರಕಾರವೇ ನಡೆದವು. 14 ನಿಮಿಷ, ಒಂದರಲ್ಲಿ 8 ಪಾಯಿಂಟ್, ಇನ್ನೊಂದರಲ್ಲಿ 9. ಮೂರನೆಯದು ಸೆಮಿಫೈನಲ್. ಎದುರಿಗಿದ್ದದ್ದು ಅರಸೀಕೆರೆ ಕಡೆಯ ತಂಡ, ಎತ್ತರದ ಹುಡುಗರು. ಮೂರನೇ ಕ್ವಾರ್ಟರ್ ನಡುವೆ ನಾವು ಒಂಬತ್ತು ಪಾಯಿಂಟ್ ಹಿಂದೆ. ಅಣ್ಣನದು ಆಗಲೇ 13 ನಿಮಿಷ ಆಗಿತ್ತು. ಅಷ್ಟರಲ್ಲಿ ಸಾಲಾಗಿ ಮೂರು ಹೊಡೆತ ಹಾಕಿದರು. ಜನ ಎದ್ದು ನಿಂತರು. ಹಳಬರು ಗ್ಯಾಲರಿಯಿಂದ ಅವರ ಕಾಲೇಜಿನ ಅಡ್ಡಹೆಸರು ಕೂಗುತ್ತಿದ್ದರು.

ಹದಿನಾಲ್ಕಾಯಿತು. 19ರ ಹುಡುಗ ಬೆಂಚಿನಲ್ಲಿ ಜಾಕೆಟ್ ಬಿಚ್ಚಿ ಎದ್ದು ನಿಂತು ನನ್ನನ್ನೇ ನೋಡುತ್ತಿದ್ದ. ನಾನು ಅಣ್ಣನ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಅಂತ ಆಮೇಲೆ ಒಪ್ಪಿಕೊಂಡರು. ಕೈ ಎತ್ತಿ ಆಟಗಾರನನ್ನು ಬದಲಿಸು ಅನ್ನಬೇಕಾದದ್ದು ನಾನು. ನನ್ನ ಕೈ ಏಳಲಿಲ್ಲ. ಹತ್ತು ವರ್ಷದವನಿದ್ದಾಗ ನನ್ನ ಮೊಣಕೈ ಹಿಡಿದು ಚೆಂಡು ಹೀಗೆ ಬಿಡು ಅಂತ ತೋರಿಸಿದವರು. ಅವರಿಗೆ ಇಷ್ಟು ಜನರ ಮುಂದೆ ಸಾಕು ಅನ್ನಲು ನನಗೆ ಆಗಲಿಲ್ಲ. ಹುಡುಗನಿಗೆ ಕೂರು ಅಂತ ಸನ್ನೆ ಮಾಡಿದೆ.

ಅಣ್ಣ ಕೊನೆಯ ತನಕ ಆಡಿದರು. 17 ಪಾಯಿಂಟ್, ನಾವು ಎರಡರಿಂದ ಗೆದ್ದೆವು. ಎಲ್ಲರೂ ಅವರನ್ನು ಎತ್ತಿಕೊಂಡರು. ಸ್ಕೋರ್ ಶೀಟ್ ಮನೆಗೆ ತಂದು ರಾತ್ರಿ ಲೆಕ್ಕ ಹಾಕಿದೆ. 40ರಲ್ಲಿ 29 ನಿಮಿಷ. ಜೋರ್ಡನ್‌ರ ಮೊದಲ ವರ್ಷದ ಸರಾಸರಿಯನ್ನು 40 ನಿಮಿಷಕ್ಕೆ ಇಳಿಸಿ ನೋಡಿದೆ. ಅದೂ 29. ಪೆನ್ನು ಕೆಳಗಿಟ್ಟೆ. ಅಷ್ಟು ಹೊತ್ತಿಗೆ ಅತ್ತಿಗೆಯ ಫೋನ್ ಬಂತು.

ಹೋಗಿ ನೋಡಿದಾಗ ಮಂಡಿಚಿಪ್ಪು ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ಚರ್ಮ ಬಿಗಿದು ಹೊಳೆಯುತ್ತಿತ್ತು. ಟವೆಲ್ಲಿನಲ್ಲಿ ಐಸ್ ಸುತ್ತಿ ಇಟ್ಟರು. ಅಣ್ಣ ಗೋಡೆ ನೋಡಿಕೊಂಡು ಹೇಳಿದರು, "ತಪ್ಪು ನಂದು ಕಣೋ." ಅವರದೂ ಇತ್ತು. ನನ್ನದು ಅದಕ್ಕಿಂತ ದೊಡ್ಡದು, ಯಾಕೆಂದರೆ ನಾನು ಆಡುತ್ತಿರಲಿಲ್ಲ. ಆಡುವವನಿಗೆ ಆ ಹೊತ್ತಿನಲ್ಲಿ ತನ್ನ ದೇಹ ಕಾಣುವುದಿಲ್ಲ. ಕಾಣಬೇಕಾದದ್ದು ಹೊರಗೆ ನಿಂತವನಿಗೆ.

ಫೈನಲ್‌ನಲ್ಲಿ ಅಣ್ಣ ಇಲ್ಲ. ಸೆಮಿಫೈನಲ್‌ನ ಹೆಚ್ಚಿನ ಹೊತ್ತು ಬೆಂಚಿನಲ್ಲೇ ಕೂತಿದ್ದ ಹುಡುಗನನ್ನು ನೇರ ಫೈನಲ್‌ಗೆ ಇಳಿಸಿದೆ. ಅವನ ಕೈ ಕೂಡಲಿಲ್ಲ. 11ರಿಂದ ಸೋತೆವು. ಆಮೇಲೆ ಎರಡು ವಾರ ಅವನು ಬೆಳಗಿನ ಅಭ್ಯಾಸಕ್ಕೆ ಬರಲಿಲ್ಲ. ಅವನ ಮನೆಗೆ ಹೋಗಿ ಕರೆತಂದದ್ದು ನಾನಲ್ಲ, ಅಣ್ಣ. ಮಂಡಿಗೆ ಪಟ್ಟಿ ಹಾಕಿಕೊಂಡು, ಕುಂಟುತ್ತಾ ಹೋಗಿದ್ದರು.

ಗಡಿಯಾರ ಯಾರ ಕೈಯಲ್ಲಿ

ಮೂಳೆ ಡಾಕ್ಟರು ಕೀಲಿನ ನೀರು ತೆಗೆದರು. ಸ್ಕ್ಯಾನ್‌ನಲ್ಲಿ ಕಾರ್ಟಿಲೇಜ್ ಅಂಚು ಸವೆದದ್ದು ಕಂಡಿತು, ಕೊಯ್ಯುವಂಥದ್ದು ಅಲ್ಲ ಅಂದರು. ಕಾರ್ಟಿಲೇಜಿನ ಒಳ ಅಂಚಿಗೆ ರಕ್ತ ಹರಿಯುವುದಿಲ್ಲ, ಸವೆದರೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಇರುವುದನ್ನು ಕಾಪಾಡಿಕೊಳ್ಳಬೇಕು ಅಷ್ಟೇ. ಆರು ವಾರ ಓಟ ಬಂದ್.

ಆ ಆರು ವಾರದಲ್ಲಿ ಅಣ್ಣ ಮಾಡಿದ್ದು ನೋಡಲು ಏನೂ ಇಲ್ಲದ ಕೆಲಸ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯ ಹಾಗೆ ಕೂರುವುದು, 45 ಸೆಕೆಂಡ್, ಐದು ಸಲ. ನೋವು ತಗ್ಗಿದ ಮೇಲೆ ಇಳಿಜಾರು ಹಲಗೆ ಮೇಲೆ ನಿಧಾನದ ಬಸ್ಕಿ, ಇಳಿಯಲು ನಾಲ್ಕು ಎಣಿಕೆ. ಬಡಗಿಯಿಂದ ಹಲಗೆ ಮಾಡಿಸಿಕೊಟ್ಟದ್ದು ಅತ್ತಿಗೆ. ಮೇ ತಿಂಗಳಲ್ಲಿ ಅಣ್ಣ ಹದಿನಾಲ್ಕು ಮೆಟ್ಟಿಲನ್ನು ಕೈ ಬಿಟ್ಟು, ಒಂದು ಮೆಟ್ಟಿಲಿಗೆ ಒಂದು ಕಾಲಿಟ್ಟು ಇಳಿದರು. ವಿಡಿಯೋ ಕಳಿಸಿದ್ದರು.

ಮತ್ತೆ ಆಡುವ ಮಾತು ಬಂದಾಗ ನಾನು ಒಂದೇ ಷರತ್ತು ಇಟ್ಟೆ. ನಿಮಿಷ ಎಷ್ಟು ಅನ್ನುವುದನ್ನು ಪಂದ್ಯಕ್ಕೆ ಮುಂಚೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಗಡಿಯಾರ ನನ್ನ ಕೈಯಲ್ಲೂ ಇರಬಾರದು, ಅಣ್ಣನ ಕೈಯಲ್ಲೂ ಇರಬಾರದು. ಆ 19ರ ಹುಡುಗನ ಕೈಯಲ್ಲಿರಬೇಕು. ಅಣ್ಣ ಕೋರ್ಟಿನಲ್ಲಿರುವಾಗ ಬೆಂಚಿನಲ್ಲಿ ಕೂರುವವನು ಅವನೇ. ಸಮಯ ಆದ ಕೂಡಲೇ ಎದ್ದು ಸ್ಕೋರರ್ ಟೇಬಲ್‌ಗೆ ಹೋಗುತ್ತಾನೆ, ನನ್ನನ್ನು ಕೇಳಬೇಕಿಲ್ಲ. ತಂಡದಲ್ಲಿ ಕೆಲವರು ಗೊಣಗಿದರು, ಅವನಿಗೆ ತಾನು ಆಡಬೇಕು ಅನ್ನೋ ಆಸೆ ಇರುತ್ತಲ್ವಾ ಅಂತ. ಇರಲಿ ಅಂತಲೇ ಅವನಿಗೆ ಕೊಟ್ಟೆ ಅಂದೆ. ನನಗೆ ಅಣ್ಣನ ಮೇಲಿರುವ ಪ್ರೀತಿ ನನ್ನ ಕೈ ಕಟ್ಟಿಹಾಕುತ್ತದೆ. ಅವನ ಆಸೆ ಅವನನ್ನು ಎಬ್ಬಿಸಿ ನಿಲ್ಲಿಸುತ್ತದೆ.

ಅಣ್ಣ ಒಂದು ಕ್ಷಣ ಯೋಚಿಸಿದರು. ಆಮೇಲೆ ಜೇಬಿನಿಂದ ತಮ್ಮ ಹಳೇ ಸ್ಟಾಪ್‌ವಾಚ್ ತೆಗೆದು ಹುಡುಗನ ಕೈಗಿಟ್ಟರು. "ನನ್ನ ಮುಖ ನೋಡಬೇಡ ಮಗಾ, ಇದನ್ನ ನೋಡು."

ಮೊದಲ ಸಲ ಅವನು ಎದ್ದಾಗ ಅಣ್ಣನಿಗೆ ಸಿಟ್ಟು ಬಂತು, ಕಾಣಿಸಿತು. ಟವೆಲ್ ಎಳೆದುಕೊಂಡು ಬೆಂಚಿನ ಆ ತುದಿಯಲ್ಲಿ ಕೂತರು. ಎರಡನೇ ಪಂದ್ಯದಲ್ಲಿ ಸೀಟಿ ಊದಿದ ತಕ್ಷಣ ಬಂದರು. ಮೂರನೆಯದರಲ್ಲಿ ಹೊರಗೆ ಬರುತ್ತಾ ಹುಡುಗನ ಭುಜ ಹಿಡಿದು, ಎದುರಾಳಿ ಯಾವ ಕಡೆ ವಾಲುತ್ತಾನೆ ಅಂತ ಅವನ ಕಿವಿಯಲ್ಲಿ ಹೇಳಿ ಕಳಿಸಿದರು. ಹುಡುಗ ಹೋಗಿ ಎಡಭುಜ ಒಂಚೂರು ಅಲ್ಲಾಡಿಸಿ, ಬಲಕ್ಕೆ ತಿರುಗಿ ಹೊಡೆದ. ಬೆಂಚಿನಲ್ಲಿ ಅಣ್ಣನ ಕೈ ತಾನಾಗಿ ಮೇಲೆದ್ದು ಆ ಹೊಡೆತವನ್ನೇ ಗಾಳಿಯಲ್ಲಿ ಬಿಟ್ಟಿತು.

ಈಗ ಅವರಿಗೆ 46. ಈ ಸಲದ್ದು ಕೊನೆಯ ಪಂದ್ಯಾವಳಿ ಅಂತ ಅವರೇ ಹೇಳಿದ್ದಾರೆ, ಅತ್ತಿಗೆ ಮತ್ತು ಮಗಳು ಇಬ್ಬರೂ ನೋಡಲು ಬರುತ್ತಾರೆ. ಮೊದಲ ಪಂದ್ಯ ಮುಂದಿನ ಭಾನುವಾರ. ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ 12 ಅಂತ ಬರೆದಿದ್ದೆ. ನಿನ್ನೆ ಅಭ್ಯಾಸ ಮುಗಿದ ಮೇಲೆ ಅಣ್ಣ ಅದನ್ನು ನೋಡಿದರು, ಪೆನ್ನು ಕೇಳಿ ಇಸಿದುಕೊಂಡು 10 ಅಂತ ತಿದ್ದಿದರು. ಆಮೇಲೆ ಸ್ಟೂಲ್ ತರಿಸಿ, ಹರಿದ ಬಲೆ ಬಿಚ್ಚಿ, ಹೊಸದನ್ನು ಕಟ್ಟತೊಡಗಿದರು. ಸ್ಟೂಲ್ ಹಿಡಿದುಕೊಂಡಿದ್ದವನು ಆ ಹುಡುಗ.